ಹದಿನಾರರ ಹುಡುಗನಿಗೆ ಐದು ಶನಿವಾರ

ಭಾನುವಾರ ಬೆಳಿಗ್ಗೆ ಪೇಪರ್ ತರಲೆಂದು ಬಾಗಿಲು ತೆಗೆದ ಆರ್ಡಿತ್ ಕೊವಾಲಿಕ್‌ಗೆ ತನ್ನ ಮನೆಯಂಗಳದ ಹುಲ್ಲಿನಲ್ಲಿ ರಸ್ ಟಾರ್ಲ್ಟನ್ ಹನ್ನೊಂದು ಕಡೆ ಹಲ್ಲು ಕಿರಿಯುತ್ತಿರುವುದು ಕಾಣಿಸಿತು. ಹನ್ನೊಂದು ಫಲಕ. ಹನ್ನೊಂದರಲ್ಲೂ ಅದೇ ಮುಖ, ಅದೇ ಕೆಂಪು ಟೈ, ತಲೆಯ ಮೇಲೆ ‘ಮನೆ ಮಾರಾಟಕ್ಕಿದೆ’ ಎಂಬ ದಪ್ಪ ಅಕ್ಷರ, ಕೆಳಗೆ ಅವನ ರಿಯಲ್ ಎಸ್ಟೇಟ್ ಆಫೀಸಿನ ಫೋನ್ ನಂಬರು.

ಹ್ಯಾಸ್ಕಲ್ ಬೆಂಡ್ ಊರಿನಲ್ಲಿ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೈಸ್ಕೂಲಿನ ಫುಟ್‌ಬಾಲ್ ತಂಡ ಸಾಲಾಗಿ ಸೋತರೆ ಕೋಚ್‌ನ ಅಂಗಳದಲ್ಲಿ ಬೆಳಗಾಗುವಷ್ಟರಲ್ಲಿ ಇಂಥ ಫಲಕಗಳು ಎದ್ದಿರುತ್ತವೆ. ಗಂಟುಮೂಟೆ ಕಟ್ಟು, ಊರು ಬಿಡು ಎಂದು ಎದುರು ನಿಂತು ಹೇಳುವ ಧೈರ್ಯವಿಲ್ಲದವರು ಕಂಡುಕೊಂಡ ದಾರಿ ಅದು. ಕೇಳಿದರೆ ತಮಾಷೆ ಎನ್ನುತ್ತಾರೆ. ಓಹೈಯೊ ನದಿಯ ಈ ದಂಡೆಯಲ್ಲಿ ಎಷ್ಟು ಜನ ಕೋಚ್‌ಗಳು ಆ ತಮಾಷೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದಾರೋ ಲೆಕ್ಕ ಇಟ್ಟವರಿಲ್ಲ.

ಈ ಸಲದ ವೀರರು ಒಂದು ಸಣ್ಣ ವಿಷಯ ಮರೆತಿದ್ದರು. ಕೋಚ್ ಗ್ರೇಡಿ ಮಕ್ಲಂಗ್‌ಗೆ ಸ್ವಂತ ಮನೆ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಆ ಮನುಷ್ಯ ಹೆಂಡತಿ, ಎಂಟು ತಿಂಗಳ ಕೂಸಿನ ಜೊತೆ ಆರ್ಡಿತ್‌ಳ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಅಂಗಳ ಆರ್ಡಿತ್‌ಳದ್ದು. ಆ ಹುಲ್ಲಿಗೆ ಬೀಜ ಹಾಕಿ, ಮಂಡಿಯೂರಿ ಕಳೆ ಕಿತ್ತು ಬೆಳೆಸಿದವನು ಅವಳ ಗಂಡ ಎಮಿಲ್. ಅವನು ತೀರಿಕೊಂಡು ಆರು ವರ್ಷವಾಗಿದ್ದರೂ ಆ ಹುಲ್ಲನ್ನು ತುಳಿದು ಬರುವ ಪೋಸ್ಟ್‌ಮ್ಯಾನ್‌ಗೂ ಅವಳು ಬಯ್ಯದೆ ಬಿಡುತ್ತಿರಲಿಲ್ಲ.

ಮೊದಲ ಫಲಕಕ್ಕೆ ಕೈ ಹಾಕಿ ಅಲ್ಲಾಡಿಸುತ್ತಿರುವಾಗಲೇ ಒಂದು ಪಿಕಪ್ ಬಂದು ನಿಂತಿತು. ಪಕ್ಕದ ಜಿಲ್ಲೆಯವರಿರಬೇಕು. ಮುದುಕನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಬೆಡ್‌ರೂಮ್ ಎಷ್ಟಿದೆ ಮೇಡಂ?”

“ಮೂರು. ಮೂರರಲ್ಲೂ ಜನ ಇದಾರೆ.”

“ಯಾವಾಗ ಖಾಲಿ ಮಾಡ್ತಾರೆ?”

“ನನ್ನ ಹೆಣ ಎತ್ತಿದ ಮೇಲೆ! ನಡೀರಿ ಇಲ್ಲಿಂದ!”

ಗಲಾಟೆ ಕೇಳಿ ಗ್ರೇಡಿ ಮೆಟ್ಟಿಲಿಳಿದು ಬಂದ. ಫಲಕಗಳನ್ನು ನೋಡಿದ. ಒಂದೊಂದಾಗಿ ಕಿತ್ತು ಗೋಡೆಗೆ ಒರಗಿಸತೊಡಗಿದ. ಮಾಳಿಗೆಯ ಕಿಟಕಿಯಲ್ಲಿ ಅವನ ಹೆಂಡತಿ ಟೆಸಾ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ಪರದೆ ಎಳೆದುಕೊಂಡಳು.

“ಹುಲ್ಲು ಹಾಳಾಯ್ತು ಮಿಸೆಸ್ ಕೊವಾಲಿಕ್. ನನ್ನಿಂದ ನಿಮಗೆ ತೊಂದರೆ. ಬೇಜಾರ್ ಮಾಡ್ಕೋಬೇಡಿ,” ಎಂದ.

“ನೀನ್ಯಾಕೆ ಕ್ಷಮೆ ಕೇಳ್ತೀಯ? ನೆಟ್ಟೋನು ನೀನಾ?” ಎಂದು ಅವನ ಮೇಲೂ ರೇಗಿದಳು. ಕೋಪದಲ್ಲಿ ಅವಳಿಗೆ ಎದುರಿಗೆ ಸಿಕ್ಕವರೇ ಗಿರಾಕಿ.

ಕೋಪ ನಿಜವಾದದ್ದೇ. ಆದರೆ ಅದರ ಅಡಿಯಲ್ಲಿ ಎರಡು ಮುಳ್ಳುಗಳಿದ್ದವು, ಅವುಗಳನ್ನೂ ಹೇಳಿಬಿಡಬೇಕು. ಮೂವತ್ತು ವರ್ಷದ ಹಿಂದೆ ಡಾಬಿನ್ಸ್ ಎಂಬ ಕೋಚ್‌ನ ಅಂಗಳದಲ್ಲಿ ಎಮಿಲ್ ಇಂಥದೇ ಫಲಕ ನೆಡುವಾಗ ಟಾರ್ಚ್ ಹಿಡಿದುಕೊಂಡು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕವಳು ಇದೇ ಆರ್ಡಿತ್. ಅದು ಹಳೆಯದು, ಹೋಗಲಿ ಎಂದರೆ ಎರಡನೆಯದು ನಿನ್ನೆಯದು.

ನಿನ್ನೆ ತಂಡ ಐದನೇ ಸಲ ಸೋತಿತ್ತು. ಐದಕ್ಕೆ ಐದೂ ಸೋಲು. ಆಟ ಶನಿವಾರ ಮಧ್ಯಾಹ್ನ ನಡೆಯುವುದು, ಯಾಕೆಂದರೆ ಮೈದಾನದ ದೀಪಗಳು ಕೆಟ್ಟು ಎರಡು ವರ್ಷವಾಯಿತು. ದೀಪದ ರಿಪೇರಿಗೆ ಮಾತ್ರ ಈ ಊರಿಗೆ ಬೇಕಾದಷ್ಟು ತಾಳ್ಮೆಯಿದೆ. ಸೋಲಿಗೆಲ್ಲ ಕಾರಣ ಎಂದು ಊರು ಬೆರಳು ತೋರಿಸುತ್ತಿದ್ದದ್ದು ಟೋಬಿ ಪೆಟಿಗ್ರೂ ಎಂಬ ಹುಡುಗನ ಕಡೆಗೆ. ಹತ್ತನೇ ಕ್ಲಾಸು, ಹದಿನಾರು ವರ್ಷ, ಕತ್ತು ಇನ್ನೂ ಹೆಲ್ಮೆಟ್ಟಿಗೆ ತಕ್ಕಷ್ಟು ದಪ್ಪವಾಗಿಲ್ಲ. ಇದು ಕೈಯಲ್ಲಿ ಆಡುವ ಅಮೆರಿಕನ್ ಫುಟ್‌ಬಾಲ್, ಅವನು ತಂಡದ ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರಬೇಕು. ಯಾರಿಗೆ ಎಸೆಯಬೇಕೆಂದು ಅವನು ಎರಡು ಮೂರು ಕ್ಷಣದಲ್ಲಿ ಕಂಡುಕೊಳ್ಳಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಗುವ ನಾಲ್ವರು ಅವನನ್ನು ನೆಲಕ್ಕೆ ಕೆಡವಲು ಓಡಿ ಬರುತ್ತಿರುತ್ತಾರೆ. ಗ್ಯಾಲರಿಯಲ್ಲಿ ಬಿಸಿ ಚಾಕೊಲೇಟು ಕುಡಿಯುತ್ತ ಕೂತವರಿಗೆ ಆ ಮೂರು ಕ್ಷಣ ಬಹಳ ದೊಡ್ಡದಾಗಿ ಕಾಣುತ್ತದೆ.

ನಿನ್ನೆ ಎರಡನೇ ಭಾಗದಲ್ಲಿ ಟೋಬಿ ಚೆಂಡು ಹಿಡಿದು ಆ ಕಡೆ ಈ ಕಡೆ ನೋಡುತ್ತ ನಿಂತ. ನಿಂತೇ ಇದ್ದ. ಮೂರನೇ ಸಾಲಿನಲ್ಲಿ ನಲವತ್ತು ವರ್ಷದಿಂದ ತನ್ನದೇ ಜಾಗ ಹಿಡಿದು ಕೂತ ಆರ್ಡಿತ್ ಎದ್ದು ನಿಂತಳು. ಶಾಲೆಯ ಊಟದ ಹಾಲ್‌ನಲ್ಲಿ ಮುನ್ನೂರು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. “ಅದೇನ್ ಮೊಟ್ಟೆನೇನೋ, ಕಾವು ಕೊಡ್ತಿದೀಯ? ಎದ್ದು ಬೇರೆಯವ್ರಿಗೆ ಜಾಗ ಬಿಡೋ!”

ಇಡೀ ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ಕೋಳಿಯ ಹಾಗೆ ಕೊಕ್ ಕೊಕ್ ಎಂದರು. ಆಟ ಮುಗಿಯುವ ತನಕ ಹುಡುಗ ಚೆಂಡು ಮುಟ್ಟಿದಾಗಲೆಲ್ಲ ಕೊಕ್ ಕೊಕ್. ಆರ್ಡಿತ್‌ಗೆ ಆಗ ಹೆಮ್ಮೆಯೇ ಆಗಿತ್ತು. ಮನೆಗೆ ಬಂದು ಮಲಗುವಾಗಲೂ ನೆನೆಸಿಕೊಂಡು ಒಂದು ಸಲ ನಕ್ಕಿದ್ದಳು.

ಹನ್ನೊಂದು ಫಲಕಗಳನ್ನೂ ಕಾರಿನ ಹಿಂದಕ್ಕೆ ತುರುಕಿ ಅವಳು ಸೀದಾ ಡೈನರ್ ಹೋಟೆಲಿಗೆ ಹೊರಟಳು. ಚರ್ಚ್ ಬಿಟ್ಟ ಮೇಲೆ ಬೂಸ್ಟರ್ ಕ್ಲಬ್ಬಿನವರು ಅಲ್ಲಿ ಉದ್ದನೆಯ ಮೇಜು ಹಿಡಿದು ಕೂರುತ್ತಾರೆ. ತಂಡಕ್ಕೆ ಬಟ್ಟೆ, ಬಸ್ಸು, ಊಟದ ಖರ್ಚು ಹೊಂದಿಸುವ ದೊಡ್ಡ ಮನುಷ್ಯರು ಅವರು. ಬಟ್ಟೆ ಕೊಡಿಸಿದ ಮೇಲೆ ಒಳಗಿರುವ ಹುಡುಗರೂ ತಮ್ಮವರೇ ಎಂಬುದು ಅವರ ನಂಬಿಕೆ. ಕ್ಲಬ್ಬಿನ ಅಧ್ಯಕ್ಷ ರಸ್ ಟಾರ್ಲ್ಟನ್ ಪ್ಯಾನ್‌ಕೇಕಿಗೆ ಸಿರಪ್ ಸುರಿಯುತ್ತಿದ್ದ.

ಆರ್ಡಿತ್ ಫಲಕಗಳನ್ನು ಅವನ ತಟ್ಟೆಯ ಮೇಲೆಯೇ ದಬ್ಬನೆ ಹಾಕಿದಳು.

“ಯಾರ ಮನೆ ಮಾರ್ತಿದೀಯೋ ರಸ್?”

“ಅಯ್ಯೋ, ಮಿಸೆಸ್ ಕೆ!” ರಸ್ ಎದ್ದು ನಿಂತ. ಶಾಲೆಯ ಅಡುಗೆಮನೆಯಲ್ಲಿ ಅವಳ ಕೈಯೂಟ ಉಂಡು ಬೆಳೆದವರೆಲ್ಲ ಅವಳನ್ನು ಹಾಗೇ ಕರೆಯುವುದು, ಐವತ್ತು ವರ್ಷವಾದರೂ. “ತಮಾಷೆಗೆ ಮಾಡಿದ್ದು. ಕೋಚ್ ಮನೆ ಅಂತ...”

“ಕೋಚ್ ಮನೆ? ಎಮಿಲ್ ಮನೆ ಅದು. ನೀನು ತೂತು ತೋಡಿರೋದು ಎಮಿಲ್ ಹುಲ್ಲಿಗೆ. ಅಲ್ವೋ, ಕಳ್ಳತನಕ್ಕೆ ಹೋಗೋನು ಯಾವನಾದ್ರೂ ತನ್ನ ಫೋಟೋ, ಫೋನ್ ನಂಬರ್ ಬಿಟ್ ಬರ್ತಾನೇನೋ? ಅದೂ ಹನ್ನೊಂದು?”

ಮೇಜಿನ ಸುತ್ತ ಕೂತವರು ನಕ್ಕರು. ರಸ್ ಕೂಡ ನಕ್ಕ. ನಕ್ಕು ಒಂದು ಕುರ್ಚಿ ಎಳೆದ. “ಕೂತ್ಕೊಳ್ಳಿ ಮಿಸೆಸ್ ಕೆ. ಹುಲ್ಲು ನಾನೇ ಸರಿ ಮಾಡಿಸ್ತೀನಿ. ನೀವು ನಮ್ಮ ಕಡೆಯವರು ತಾನೇ? ನಿನ್ನೆ ಮೊಟ್ಟೆ ಮಾತು ಯಾರ್ದು? ಇಡೀ ಊರೇ ನಿಮ್ಮ ಬಾಯಲ್ಲಿ ಮಾತಾಡ್ತು.”

ಆರ್ಡಿತ್ ಕೂತಳು.

“ನೋಡಿ, ಮಂಗಳವಾರ ಸ್ಕೂಲ್ ಬೋರ್ಡ್ ಮೀಟಿಂಗ್,” ರಸ್ ದನಿ ತಗ್ಗಿಸಿದ. “ಐದು ವೋಟಲ್ಲಿ ಮೂರು ನಮ್ಮ ಕೈಲಿದೆ. ಕೋಚ್‌ನ ಕಳಿಸ್ಬೇಕು ಅಂತ ನಮಗೇನೂ ಹಠ ಇಲ್ಲ. ಆ ಹುಡುಗನ್ನ ಬೆಂಚಲ್ಲಿ ಕೂರಿಸಿ ಬ್ರೈಸ್‌ನ ಆಡಿಸ್ಲಿ. ಅಷ್ಟೇ. ಒಂದು ವೋಟೂ ಅವನ ವಿರುದ್ಧ ಬೀಳಲ್ಲ. ನಿಮ್ಮ ಮಾಳಿಗೆನೂ ಖಾಲಿ ಆಗಲ್ಲ.”

ಬ್ರೈಸ್ ಹನ್ನೆರಡನೇ ಕ್ಲಾಸಿನ ಹುಡುಗ, ರಸ್‌ನ ತಂಗಿಯ ಮಗ. ಮೇಜಿನಲ್ಲಿ ಕೂತವರಿಗೆಲ್ಲ ಅದು ಗೊತ್ತು. ಎಲ್ಲರೂ ಪ್ಯಾನ್‌ಕೇಕ್ ಕತ್ತರಿಸತೊಡಗಿದರು. ಮಾರ್ಚ್‌ನಲ್ಲಿ ಗ್ರೇಡಿಯನ್ನು ಕೆಲಸಕ್ಕೆ ಕರೆದಾಗ ಇದೇ ಜನ ಅವನ ಹೆಗಲ ಮೇಲೆ ಕೈ ಹಾಕಿ, “ನಿಂಗೆ ಮೂರು ವರ್ಷ ಟೈಮು, ಬುನಾದಿಯಿಂದ ಕಟ್ಟು” ಎಂದಿದ್ದರು. ಮೂರು ವರ್ಷ ಎಂದವರು ಐದು ಶನಿವಾರಕ್ಕೇ ಸುಸ್ತಾಗಿ ಕೂತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವರೇ ಕುಂಬಾರನನ್ನು ಕರೆಸಿದವರು.

ಆದರೂ ಆರ್ಡಿತ್‌ಗೆ ಆ ಮಾತು ನ್ಯಾಯವಾಗಿಯೇ ಕಂಡಿತು. ಒಬ್ಬ ಹುಡುಗ ಉಳಿದ ನಾಲ್ಕು ಶನಿವಾರ ಬೆಂಚಿನಲ್ಲಿ ಕೂತರೆ ಆಕಾಶ ಕಳಚಿ ಬೀಳುತ್ತದೆಯೇ? ಮಾಳಿಗೆಯಲ್ಲಿ ಕೂಸಿದೆ, ಚಳಿಗಾಲ ಹತ್ತಿರ ಬಂತು. ಜಗಳಕ್ಕೆಂದು ಹೋದವಳು ರಾಯಭಾರಿಯಾಗಿ ವಾಪಸು ಬಂದಳು.

ಗ್ರೇಡಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ನಿನ್ನೆಯ ಆಟವನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದ. ತೊಡೆಯ ಮೇಲೆ ಮಗು ಚಮಚ ಕಡಿಯುತ್ತಿತ್ತು. ಆರ್ಡಿತ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ.

“ಆಗಲ್ಲ,” ಎಂದ.

“ಯಾಕಾಗಲ್ಲ? ನಿನಗೇನು ಆ ಹುಡುಗ ಹೊಟ್ಟೇಲಿ ಹುಟ್ಟಿದವನಾ?”

“ಇಲ್ಲಿ ನೋಡಿ.” ಪರದೆಯ ಮೇಲೆ ಬೆರಳಿಟ್ಟ. “ಇದೇ, ನೀವೆಲ್ಲ ನಕ್ಕ ಆಟ. ಟೋಬಿ ಕಾಯ್ತಿರೋದು ಯಾರಿಗೆ ಗೊತ್ತಾ? ಆ ಮೂಲೆಯವನಿಗೆ. ಇನ್ನೊಂದು ಉಸಿರು ಎಳೆಯೋಷ್ಟರಲ್ಲಿ ಅವನು ಒಬ್ಬನೇ ಆಗ್ತಾನೆ, ಸುತ್ತ ಯಾರೂ ಇರಲ್ಲ. ಅದು ಈ ಹುಡುಗನಿಗೆ ಮೊದಲೇ ಕಾಣಿಸಿದೆ. ನನಗೆ ಅದು ಕಾಣೋಕೆ ಇಪ್ಪತ್ತೆರಡು ವರ್ಷ ಆಗ್ಬೇಕಾಯ್ತು. ಇವನ ಕಣ್ಣಿಗೆ ಬಂದಿದೆ, ಕಾಲಿಗೆ ಕೈಗೆ ಇನ್ನೂ ಬಂದಿಲ್ಲ. ಬರುತ್ತೆ. ಬರೋಕೆ ಒಂದು ವರ್ಷ ಬೇಕು, ಎರಡು ಬೇಕು.”

“ಅಲ್ಲೀವರೆಗೂ ಊರು ಸೋಲ್ತಾನೇ ಇರ್ಬೇಕಾ?”

“ಸೋಲ್ಬೇಕು,” ಗ್ರೇಡಿ ಶಾಂತವಾಗಿಯೇ ಹೇಳಿದ. “ಜನ ಕೂಗಿದ್ರು ಅಂತ ಈಗ ಕೂರಿಸಿದ್ರೆ, ಇನ್ಮೇಲೆ ಚೆಂಡು ಕೈಗೆ ಬಂದಾಗಲೆಲ್ಲ ಅವನು ಮೈದಾನ ನೋಡಲ್ಲ, ಗ್ಯಾಲರಿ ನೋಡ್ತಾನೆ. ಆಮೇಲೆ ಯಾವ ಕೋಚ್ ಬಂದ್ರೂ ಸರಿ ಮಾಡೋಕಾಗಲ್ಲ.”

“ದೊಡ್ಡ ಮಾತು! ಮಗೂಗೆ ಹಾಲು ದೊಡ್ಡ ಮಾತಲ್ಲಿ ಬರುತ್ತಾ? ಟೆಸಾನ ಕೇಳಿದೀಯಾ?”

“ಕೇಳಿದೀನಿ. ಹೋದ ವಾರನೂ ಈ ಮಾತು ಬಂದಿತ್ತು, ಬೇಡ ಅಂದಿದ್ದು ಮೊದಲು ಅವಳೇ.” ಅವನು ಲ್ಯಾಪ್‌ಟಾಪ್ ಮುಚ್ಚಿದ. ಮಗುವಿನ ತಲೆ ಸವರುತ್ತ, ಬೇಸರವಿಲ್ಲದ ದನಿಯಲ್ಲಿ ಹೇಳಿದ: “ಮಿಸೆಸ್ ಕೊವಾಲಿಕ್, ಮೂರನೇ ಸಾಲು ನಮ್ಮ ಬೆಂಚಿಗೆ ತುಂಬ ಹತ್ರ. ಅಲ್ಲಿ ಅಂದಿದ್ದೆಲ್ಲ ನಮಗೆ ಕೇಳಿಸುತ್ತೆ. ಅವನಿಗೂ ಕೇಳಿಸುತ್ತೆ.”

ಆರ್ಡಿತ್ ಮೆಟ್ಟಿಲಿಳಿದು ಬಂದಳು. ಆಲೂಗಡ್ಡೆ ಬೇಯಲಿಟ್ಟಳು, ಮರೆತಳು, ಪಾತ್ರೆ ಸೀದು ಮನೆಯೆಲ್ಲ ಹೊಗೆಯಾಯಿತು. ಆ ಹೊತ್ತು ಅವಳಿಗೆ ಗ್ರೇಡಿಯ ಮೇಲೆ ಬಂದ ಕೋಪ ರಸ್‌ನ ಮೇಲೂ ಬಂದಿರಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವನು ಬೈಯಲೇ ಇಲ್ಲ.

ಮಂಗಳವಾರ ಸಂಜೆ ಐದೂವರೆಗೆ ಮೀಟಿಂಗ್ ನಡೆದದ್ದು ಶಾಲೆಯ ಊಟದ ಹಾಲ್‌ನಲ್ಲಿ. ಆರ್ಡಿತ್ ಮೂವತ್ತನಾಲ್ಕು ವರ್ಷ ಬಡಿಸಿದ ಜಾಗ. ಮೂಲೆಯಲ್ಲಿ ಅವಳ ಹಳೆಯ ಸ್ಟೀಲ್ ಕಟ್ಟೆ, ಅದರ ಮೇಲೆ ಇಳಿಬಿಟ್ಟ ಬಾಗಿಲು. ಬೋರ್ಡಿನ ಐವರು ಮುಂದೆ ಕೂತಿದ್ದರು, ನಡುವೆ ಅಧ್ಯಕ್ಷೆ ಮಾರ್ಜರಿ ಫಿಂಕ್. ಮಾತಾಡಬೇಕೆನ್ನುವವರು ಹೆಸರು ಬರೆಸಬೇಕು, ತಲೆಗೆ ಮೂರು ನಿಮಿಷ, ಮುಗಿದ ಕೂಡಲೇ ಗಂಟೆ. ಶಾಲೆಯ ಛಾವಣಿ ಸೋರುವ ವಿಷಯಕ್ಕೆ ಮೀಟಿಂಗ್ ಕರೆದಾಗ ಏಳು ಜನ ಬಂದಿದ್ದರು. ಇವತ್ತು ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು.

ಮೊದಲು ಎದ್ದ ಇನ್ಶೂರೆನ್ಸ್ ಏಜೆಂಟ್ ಊರಿನ ಮರ್ಯಾದೆಯ ಬಗ್ಗೆ ಮಾತಾಡಿದ. ಅವನ ಹಿಂದೆ ಬಂದವನು ತನ್ನ ಕಾಲದ ತಂಡದ ಬಗ್ಗೆ ಮಾತಾಡಿದ. ಆ ತಂಡವೂ ಮೊದಲೆರಡು ವರ್ಷ ಸೋತಿದ್ದನ್ನು ಮಾತ್ರ ಹೇಳಲಿಲ್ಲ. ಗೆದ್ದೆತ್ತಿನ ಬಾಲ ಹಿಡಿದವರಿಗೆ ಎತ್ತು ಕರುವಾಗಿದ್ದ ಕಾಲ ನೆನಪಿರುವುದಿಲ್ಲ. ಗ್ರೇಡಿ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತು ಎಲ್ಲವನ್ನೂ ಕೇಳುತ್ತಿದ್ದ.

ಮಾರ್ಜರಿ ಮುಂದಿನ ಹೆಸರು ಓದಿದಳು. “ಟೋಬಿ ಪೆಟಿಗ್ರೂ.”

ಗ್ರೇಡಿ ತಟ್ಟನೆ ತಿರುಗಿ ನೋಡಿದ. ಅವನಿಗೆ ಇದು ಗೊತ್ತಿರಲಿಲ್ಲ. ಹುಡುಗ ಹಿಂದಿನಿಂದ ನಡೆದು ಬಂದ. ಯಾರದೋ ದೊಡ್ಡವರ ಶರ್ಟು, ಯಾರದೋ ಟೈ. ಮೈಕು ಅವನ ಬಾಯಿಗಿಂತ ಕೆಳಗಿತ್ತು. ಅದನ್ನು ಎತ್ತಬಹುದೆಂದು ತೋಚದೆ ಬಗ್ಗಿ ಮಾತಾಡಿದ.

“ನನ್ನ ಹೆಸರು ಟೋಬಿ. ಐದು ಆಟ ಸೋತಿದ್ದು ನನ್ನಿಂದ. ಒಂಬತ್ತು ಸಲ ಚೆಂಡು ಆ ಕಡೆಯವರ ಕೈಗೆ ಹೋಗಿದೆ, ಒಂಬತ್ತೂ ನಾನು ಎಸೆದಿದ್ದೇ. ಕೋಚ್ ಹೇಳ್ಕೊಟ್ಟಿದ್ದು ಸರಿಯಾಗೇ ಇತ್ತು, ನನಗೆ ಮಾಡೋಕೆ ಬರ್ಲಿಲ್ಲ. ಅದಕ್ಕೆ ನಾನು ಇನ್ಮೇಲೆ ಕ್ವಾರ್ಟರ್‌ಬ್ಯಾಕ್ ಆಗಿರಲ್ಲ. ಬ್ರೈಸ್ ಆಡ್ಲಿ. ದಯವಿಟ್ಟು ಕೋಚ್‌ನ ತೆಗೀಬೇಡಿ. ಅವರಿಗೆ ಪಾಪು ಇದೆ.” ಒಂದು ಕ್ಷಣ ಯೋಚಿಸಿದ. “ಅಷ್ಟೇ. ಥ್ಯಾಂಕ್ಸ್.”

ಮೂರು ನಿಮಿಷದಲ್ಲಿ ಅರ್ಧ ನಿಮಿಷವೂ ಆಗಿರಲಿಲ್ಲ. ಆಮೇಲೆ ರಸ್ ಟಾರ್ಲ್ಟನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನ ಹಿಂದೆ ಬೂಸ್ಟರ್ ಕ್ಲಬ್, ಅವರ ಹಿಂದೆ ಇಡೀ ಹಾಲ್. ಹೆಂಗಸರು ಕಣ್ಣೊರೆಸಿಕೊಂಡರು. “ಎಷ್ಟು ತಿಳುವಳಿಕೆ ನೋಡ್ರೀ ಈ ವಯಸ್ಸಿಗೆ,” ಎಂದು ಯಾರೋ ಅಂದರು. ಮಾರ್ಜರಿ ಮೈಕಿಗೆ ಬಾಗಿ, ಈ ಯುವಕ ನಮ್ಮೆಲ್ಲರಿಗೂ ದಾರಿ ತೋರಿಸಿದ್ದಾನೆ, ಎಲ್ಲರಿಗೂ ಒಪ್ಪಿಗೆಯಾಗುವ ಪರಿಹಾರ ಸಿಕ್ಕಿದೆ ಎಂದಳು. ಆ ಮುಖಗಳಲ್ಲಿ ಎಂಥ ನೆಮ್ಮದಿ! ತಾವು ಮಾಡಬೇಕಿದ್ದ ಹೊಲಸು ಕೆಲಸವನ್ನು ಒಂದು ಮಗು ಮಾಡಿಕೊಟ್ಟಿದೆ, ಕೈ ತೊಳೆಯುವ ಕಷ್ಟವೂ ಇಲ್ಲ.

ಪಟ್ಟಿಯಲ್ಲಿ ಮುಂದಿನ ಹೆಸರು ಆರ್ಡಿತ್‌ಳದ್ದು. ಹುಲ್ಲಿನ ತೂತುಗಳ ಬಗ್ಗೆ ಮಾತಾಡಲೆಂದು ಬರೆಸಿದ್ದಳು. ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಹುಲ್ಲು ತಲೆಯಿಂದ ಹಾರಿಹೋಗಿತ್ತು.

“ನಿಲ್ಸಿ ಚಪ್ಪಾಳೆ! ನಾಚಿಕೆ ಆಗಲ್ವಾ ನಿಮಗೆ?”

ಮೈಕು ಬೇಕಾಗಿರಲಿಲ್ಲ. ತಟ್ಟುತ್ತಿದ್ದ ಕೈಗಳು ನಿಂತವು.

“ಹದಿನಾರು ವರ್ಷದ ಹುಡುಗ ತನ್ನ ಕೋಚ್‌ಗೆ ಕೆಲಸ ಉಳೀಲಿ ಅಂತ ತನ್ನ ಆಟ ಬಿಡ್ತೀನಿ ಅಂತಿದಾನೆ. ಬೇಡಪ್ಪಾ, ಅದು ನೀನು ತೆರಬೇಕಾದ್ದಲ್ಲ ಅಂತ ಒಬ್ಬರ ಬಾಯಿಂದಲೂ ಬರ್ಲಿಲ್ಲ. ತಗೊಳ್ತಿದೀರ! ಎದ್ದು ನಿಂತು, ಕಣ್ಣೊರೆಸ್ಕೊಂಡು ತಗೊಳ್ತಿದೀರ! ರಸ್, ಕೂತ್ಕೋಬೇಡ, ನಿಂತಿರು. ಹಾಲಿನ ಡಬ್ಬಿ ತೆರೆಯೋಕೆ ನಿನಗೆ ಮೂರನೇ ಕ್ಲಾಸಿನ ತನಕ ಬರ್ತಿರ್ಲಿಲ್ಲ. ದಿನಾ ನನ್ನ ಕಟ್ಟೆ ಹತ್ರ ಬಂದು ನಿಲ್ತಿದ್ದೆ. ಒಂದು ದಿನ ಗದರಿಸಿದೀನಾ? ಏಳನೇ ಕ್ಲಾಸಲ್ಲಿ ಎರಡು ವರ್ಷ ಕೂತೆಯಲ್ಲ, ನಿಮ್ಮಮ್ಮನ ಅಂಗಳದಲ್ಲಿ ಯಾರಾದ್ರೂ ಫಲಕ ನೆಟ್ರಾ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ನಗಬೇಡಿ, ನಿಮ್ದೆಲ್ಲ ನನ್ನ ಹತ್ರ ಇದೆ! ಮಾರ್ಜರಿ, ಡ್ರೈವಿಂಗ್ ಪರೀಕ್ಷೆಗೆ ನೀನು ನಾಲ್ಕು ಸಲ ಹೋದೆ. ನಮ್ಮ ಪೋಸ್ಟ್‌ ಡಬ್ಬಿ ಎರಡು ಸಲ ಕೆಡವಿದೆ. ಎಮಿಲ್ ಏನಂದ? ಮಗು, ಕಲೀತಿದೆ ಅಂದ. ಈ ಊರಲ್ಲಿ ಒಬ್ಬ ಇದ್ರೆ ತೋರಿಸಿ, ಯಾರೂ ಕಾಯದೇನೇ ದೊಡ್ಡೋನಾದೋನು. ಬೇಯೋ ತನಕ ಕಾಯೋದು ಅಂದ್ರೆ ಏನು ಅಂತ ನನಗೆ ಗೊತ್ತು, ನಾನು ಅಡುಗೆಯವಳು. ಹಸಿ ಇದೆ ಅಂತ ಯಾರೂ ಪಾತ್ರೆ ಎತ್ತಿ ಬೀದಿಗೆ ಎಸೆಯಲ್ಲ!”

ಉಸಿರು ತೆಗೆದುಕೊಂಡಳು.

“ಶನಿವಾರ ಮೊಟ್ಟೆ ಅಂತ ಕೂಗಿದ್ದು ನಾನು. ನೀವು ಕೋಳಿ ಥರ ಕೂಗಿದ್ರಿ, ಕಲಿಸಿಕೊಟ್ಟೋಳು ನಾನು. ಆ ಮಾತು ರಸ್ ಬಾಯಿಂದ ಬಂದಿದ್ರೆ ಅಯೋಗ್ಯ ಅಂತಿದ್ದೆ. ನನ್ನ ಬಾಯಿಂದ ಬಂತು, ಅದಕ್ಕೆ ಅದು ತಮಾಷೆ ಆಯ್ತು. ನಮ್ಮ ಹುಲ್ಲಿಗೆ ತೂತಾಗೋ ತನಕ ನನಗೆ ಬುದ್ಧಿ ಬರ್ಲಿಲ್ಲ...”

ಗಂಟೆ ಹೊಡೆಯಿತು.

“ಟೈಮ್ ಆಯ್ತು ಮಿಸೆಸ್ ಕೆ,” ಮಾರ್ಜರಿ ತಲೆ ಎತ್ತದೆ ಹೇಳಿದಳು.

“ಆಗ್ಲಿ. ನನ್ನ ಅಡುಗೆಮನೆ ಇದು, ಇಲ್ಲಿ ಗಂಟೆ ಹೊಡೀತಿದ್ದೋಳು ನಾನು. ಹುಡುಗ ಕೊಟ್ಟಿದ್ದನ್ನ ವಾಪಸ್ ಕೊಡಿ. ಕೋಚ್‌ಗೆ ಮೂರು ವರ್ಷ ಅಂದಿದ್ರಿ, ಮೂರು ವರ್ಷ ಕೊಡಿ. ಕೊಡೋಕಾಗಲ್ಲ ಅಂದ್ರೆ ಮಾತು ಯಾಕ್ ಕೊಟ್ರಿ?”

ಈ ಸಲ ಚಪ್ಪಾಳೆ ಬರಲಿಲ್ಲ. ಕೆಲವರು ನೆಲ ನೋಡಿದರು. ಇನ್ನು ಕೆಲವರು ಗಡಿಯಾರ ನೋಡಿದರು.

ಗ್ರೇಡಿ ಎದ್ದ. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ, ಆದರೂ ಯಾರೂ ತಡೆಯಲಿಲ್ಲ. ಅವನು ಬೋರ್ಡಿನ ಕಡೆ ನೋಡದೆ ಹುಡುಗನ ಕಡೆ ನೋಡಿ ಮಾತಾಡಿದ.

“ಟೋಬಿ, ಯಾರು ಆಡ್ಬೇಕು ಯಾರು ಕೂರಬೇಕು ಅನ್ನೋದು ನನ್ನ ಕೆಲಸ. ನೀನು ಬಿಟ್ಟುಕೊಟ್ಟಿದ್ದನ್ನ ನಾನು ಒಪ್ಪಿಲ್ಲ.” ಆಮೇಲೆ ಬೋರ್ಡಿನ ಕಡೆ ತಿರುಗಿದ. “ಶನಿವಾರ ನಾನು ಮೈದಾನದಲ್ಲಿದ್ರೆ ಇವನೇ ಆಡ್ತಾನೆ. ಅದು ಗೊತ್ತಿದ್ದೇ ವೋಟ್ ಹಾಕಿ.”

ಅವರು ಗೊತ್ತಿದ್ದೇ ಹಾಕಿದರು. ಮೂರು ಎರಡು, ಗ್ರೇಡಿಯ ಕೆಲಸ ಹೋಯಿತು. ಮಾರ್ಜರಿ ತೆಗೆಯಬಾರದು ಎಂದು ಕೈ ಎತ್ತಿದಳು, ಅದೊಂದು ಆಶ್ಚರ್ಯ. ಆದರೆ ರಸ್‌ನ ಮೂರು ವೋಟುಗಳು ಎಣಿಸಿಟ್ಟ ಹಾಗೆ ಬಿದ್ದವು. ಉಳಿದ ನಾಲ್ಕು ಆಟಗಳಿಗೆ ಸಹಾಯಕ ಕೋಚ್ ನೋಡಿಕೊಳ್ಳುವುದು ಎಂದು ಬರೆದುಕೊಂಡರು. ಆಮೇಲೆ ಛಾವಣಿ ಸೋರುವ ವಿಷಯ ಬಂತು, ಜನ ಎದ್ದು ಹೋದರು.

ಟೋಬಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಗ್ರೇಡಿ ಅವನ ಬಳಿಗೆ ಹೋಗಿ ಮೊಣಕಾಲೂರಿ ಕೂತ. ಹುಡುಗ ಅವನ ತೋಳು ಹಿಡಿದುಕೊಂಡು, “ನಾನು ಬಿಟ್ಟುಕೊಟ್ಟೆನಲ್ಲ ಕೋಚ್, ಬಿಟ್ಟುಕೊಟ್ಟೆ ಅಂದ್ನಲ್ಲ,” ಎಂದು ಅದನ್ನೇ ಹೇಳುತ್ತಿದ್ದ. ತಾನು ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬ ಹಾಗೆ. ಗ್ರೇಡಿ ಏನು ಹೇಳಿದನೋ ಆರ್ಡಿತ್‌ಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕೆಂದೂ ಅನಿಸಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ರಸ್ ಕಾರಿನ ಬಾಗಿಲು ತೆಗೆಯುತ್ತಿದ್ದವನು ಅವಳನ್ನು ಕಂಡು, “ಹುಲ್ಲಿಗೆ ನಾಳೆ ಜನ ಕಳಿಸ್ತೀನಿ ಮಿಸೆಸ್ ಕೆ,” ಎಂದ. “ನಮ್ಮ ಬೇಲಿ ದಾಟಿದ್ರೆ ಕಾಲು ಮುರೀತೀನಿ,” ಎಂದಳು. ಅವನು ನಗುವುದೋ ಬೇಡವೋ ತಿಳಿಯದೆ ಕಾರು ಹತ್ತಿದ.

ಒಬ್ಬೊಬ್ಬರಾಗಿ ಎಲ್ಲ ಹೋದ ಮೇಲೆ ಟೋಬಿ ಹೊರಗೆ ಬಂದು ಕಾರು ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಕೂತ. ಟೈ ಬಿಚ್ಚಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ತಾಯಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಕರೆದೊಯ್ಯಬೇಕು. ಆರ್ಡಿತ್ ಅವನ ಪಕ್ಕ ಕಷ್ಟಪಟ್ಟು ಕೂತಳು. ಹತ್ತಿರದಿಂದ ನೋಡಿದರೆ ಮೀಸೆಯೂ ಚಿಗುರದ ಮುಖ. ಗದ್ದದ ಮೇಲೆ ಹೆಲ್ಮೆಟ್ಟಿನ ಪಟ್ಟಿ ಉಜ್ಜಿದ ಕೆಂಪು ಗೆರೆ.

ಏನು ಹೇಳಬೇಕೆಂದು ಅವಳು ಹುಡುಕುತ್ತಿರುವಾಗ ಅವನೇ ಮಾತಾಡಿದ.

“ಮೇಡಂ, ನೀವು ಅಲ್ಲಿ ಎಲ್ಲರ ಮುಂದೆ ಹಾಗೆ ಹೇಳ್ಬೇಕಾಗಿರ್ಲಿಲ್ಲ.”

“ಯಾವ್ದು?”

“ಶನಿವಾರದ್ದು. ನೀವು ಕೂಗಿದ್ದು ಸರಿಯಾಗೇ ಇತ್ತು. ನಾನು ಚೆಂಡನ್ನ ತುಂಬ ಹೊತ್ತು ಇಟ್ಕೊಂಡ್ಬಿಟ್ಟೆ.” ಅವಳಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ. “ಇನ್ನೂ ಬೇಗ ಎಸೀಬೇಕಾಗಿತ್ತು.”

ಆರ್ಡಿತ್‌ಗೆ ರಸ್‌ನ ಮುಖ ಕಂಡಾಗ, ವೋಟು ಬಿದ್ದಾಗ ಬಂದದ್ದೆಲ್ಲ ಕೋಪವೇ ಅಲ್ಲ, ಈಗ ಬಂದದ್ದು ಕೋಪ. ಯಾರ ಮೇಲೆ ಹಾಕಬೇಕೆಂದು ತಿಳಿಯದ ಕೋಪ. ಅವಳು ಎದ್ದು ಅವನೆದುರು ನಿಂತಳು.

“ಸರಿ ಇರ್ಲಿಲ್ಲ ಕಣೋ! ನಾನು ಮಾಡಿದ್ದು ತಪ್ಪು. ದೊಡ್ಡ ತಪ್ಪು. ನೀನು ಕಲಿಯೋ ಹುಡುಗ, ನಾನು ಅರವತ್ತೆಂಟು ವರ್ಷದ ಕತ್ತೆ. ಸರಿ ಇತ್ತು ಅಂತ ಯಾಕೆ ಹೇಳ್ತೀಯ? ಎದ್ದೇಳು. ನನ್ನ ಮುಖ ನೋಡು. ‘ನೀನು ಮಾಡಿದ್ದು ತಪ್ಪು’ ಅಂತ ನನಗೆ ಹೇಳು. ಬೈಯೋ! ಒಂದು ಸಲನಾದ್ರೂ ಬಾಯಿ ಬಿಟ್ಟು ಬೈಯೋ!”

ಕೂಗುತ್ತಿದ್ದಳು. ಮೂರನೇ ಸಾಲಿನಿಂದ ಹೊರಟಿದ್ದ ಅದೇ ಗಂಟಲು, ಖಾಲಿ ಅಂಗಳದಾಚೆಯ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು.

ಹುಡುಗ ಥಟ್ಟನೆ ಎದ್ದು ನಿಂತ. ಬೈಸಿಕೊಳ್ಳುವವನ ಹಾಗೆ ಬೆನ್ನು ನೆಟ್ಟಗೆ ಮಾಡಿದ, ಎರಡೂ ಕೈ ಪಕ್ಕಕ್ಕಿಟ್ಟುಕೊಂಡ. ಅವಳು ಹೇಳಿದ ಹಾಗೆಯೇ ಅವಳ ಮುಖ ನೋಡಿದ.

“ಸರಿ ಮೇಡಂ,” ಎಂದ. ಅವಳು ಇನ್ನೇನಾದರೂ ಹೇಳುವುದಿದೆಯೇನೋ ಎಂದು ಹಾಗೇ ಕಾದು ನಿಂತ.